ಬೆಳಗಾವಿಯ ಬಾಣಂತಿಯರು ಕೊಟ್ಟ ಲೆಕ್ಕ

ಹುಕ್ಕೇರಿ ತಾಲ್ಲೂಕಿನ ಯಮಕನಮರಡಿಯಂಥ ಊರಲ್ಲಿ ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ, ಹೆದ್ದಾರಿ ಹಿಡಿದು ಬೆಳಗಾವಿಗೆ ಓಡಬೇಕು. ಹರಿಯುವ ರಕ್ತ ಅಷ್ಟು ಹೊತ್ತು ಕಾಯುವುದಿಲ್ಲ. ಅದನ್ನು ತಡೆಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿಡಬೇಕು, ಚುಚ್ಚಲು ಪಳಗಿದ ಕೈಯೂ ಬೇಕು.

ಇಪ್ಪತ್ತು ವರ್ಷಗಳ ಹಿಂದೆ ಹಳ್ಳಿಯಲ್ಲಿ ಹೆರುವವಳಿಗೆ ಇದೆಲ್ಲ ಸುಲಭಕ್ಕೆ ಸಿಗುತ್ತಿರಲಿಲ್ಲ. ಅವಳಿಗೆ ಹೊಂದುವ ಮದ್ದು ಯಾವುದೆಂದು ತಿಳಿಯಬೇಕಾದರೆ ಅವಳನ್ನೇ ಅಧ್ಯಯನದಲ್ಲಿ ಸೇರಿಸಿಕೊಳ್ಳಬೇಕು. ವೈದ್ಯಲೋಕದ ರೂಢಿ ಇದಕ್ಕೆ ತಿರುಗುಮುರುಗಾಗಿತ್ತು. ಬಸುರಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ಭಯದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1977ರಲ್ಲಿ, ಹೆರುವ ವಯಸ್ಸಿನ ಹೆಂಗಸರನ್ನು ಔಷಧಗಳ ಆರಂಭಿಕ ಪರೀಕ್ಷೆಗಳಿಂದ ದೂರವಿಡಲು ಸೂಚಿಸಿತು. ಆಸ್ಪಿರಿನ್ ಹೃದಯಾಘಾತ ತಡೆಯುತ್ತದೆಯೇ ಎಂದು ನೋಡಿ 1989ರಲ್ಲಿ ವರದಿ ಕೊಟ್ಟ ಅಧ್ಯಯನದಲ್ಲಿ 22,071 ವೈದ್ಯರಿದ್ದರು. ಎಲ್ಲರೂ ಗಂಡಸರೇ! ಎಫ್‌ಡಿಎ ತನ್ನ ಸೂಚನೆಯನ್ನು ಹಿಂದಕ್ಕೆ ಪಡೆದದ್ದು 1993ರಲ್ಲಿ. ಕಾಪಾಡುವ ಹೆಸರಲ್ಲಿ ಹೊರಗಿಟ್ಟರೂ ಹೆಂಗಸರು ಮಾತ್ರೆ ನುಂಗುವುದು ತಪ್ಪಲಿಲ್ಲ. ಅವರಿಗೆಷ್ಟು ಸಾಕು ಎಂಬ ಲೆಕ್ಕವಷ್ಟೇ ತಪ್ಪಿತು.

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಡಾ. ಬಿ.ಎಸ್. ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮೊದಲಾದವರು ಅಮೆರಿಕದ ಡಾ. ರಿಚರ್ಡ್ ಡರ್ಮನ್ ಜೊತೆಗೂಡಿ 2002ರಲ್ಲಿ ಜಿಲ್ಲೆಯ ಹಳ್ಳಿಗಳಿಗೆ ಇಳಿದರು. ಹೊಟ್ಟೆಹುಣ್ಣಿಗೆಂದು ಬಂದಿದ್ದ ಮಿಸೊಪ್ರೊಸ್ಟಾಲ್ ಮಾತ್ರೆ ಗರ್ಭಕೋಶವನ್ನು ಬಿಗಿಗೊಳಿಸಿ ರಕ್ತವನ್ನೂ ತಡೆಯಬಲ್ಲದು; ಅದಕ್ಕೆ ಫ್ರಿಜ್ ಬೇಡ, ಸೂಜಿ ಬೇಡ. ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರುಗಳೇ 1,620 ತಾಯಂದಿರಲ್ಲಿ ಕೆಲವರಿಗೆ ಅದನ್ನೂ ಉಳಿದವರಿಗೆ ಅದರಂತೆಯೇ ಕಾಣುವ, ಮದ್ದಿಲ್ಲದ ಸಪ್ಪೆ ಮಾತ್ರೆಯನ್ನೂ ಕೊಟ್ಟರು. ಅರ್ಧ ಲೀಟರ್ ಇಲ್ಲವೇ ಅದಕ್ಕಿಂತ ಹೆಚ್ಚು ರಕ್ತ ಕಳೆದುಕೊಂಡವರು ಸಪ್ಪೆ ಮಾತ್ರೆಯ ಗುಂಪಿನಲ್ಲಿ ಶೇ 12, ಮದ್ದಿನ ಗುಂಪಿನಲ್ಲಿ ಶೇ 6.4. 2006ರಲ್ಲಿ ‘ಲ್ಯಾನ್ಸೆಟ್’ ವೈದ್ಯಪತ್ರಿಕೆ ಇದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ರಕ್ತವನ್ನು ಅಳೆದ ಬಗೆಯೂ ಹೊಸದೇ. ಅಲ್ಲಿಯವರೆಗೆ ನೆನೆದ ಬಟ್ಟೆ ನೋಡಿ ಕಣ್ಣಂದಾಜಿನಲ್ಲಿ ಹೇಳುವುದೇ ವಾಡಿಕೆ. ಬೆಳಗಾವಿ ತಂಡ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿತು: ಮಗು ಹೊರಬಂದ ಕೂಡಲೇ ತಾಯಿಯ ಸೊಂಟದಡಿ ಹಾಸಿದರೆ ರಕ್ತ ಕೆಳಗಿನ ಚೀಲಕ್ಕೆ ಇಳಿಯುತ್ತದೆ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳು. ಹೋಲಿಸಿ ನೋಡಿದರೆ ಕಣ್ಣಂದಾಜು ಮೂರನೇ ಒಂದು ಪಾಲಿನಷ್ಟು ಕಡಿಮೆ! ಇಂಥದೇ ಗೆರೆಚೀಲದೊಂದಿಗೆ ಕೂಡಲೇ ಚಿಕಿತ್ಸೆ ಶುರುಮಾಡುವ ಕ್ರಮವನ್ನು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಚಿಕಿತ್ಸೆ, ಸಾವುಗಳು ಒಟ್ಟಾರೆ ಶೇ 60ರಷ್ಟು ತಗ್ಗಿದವೆಂದು 2023ರಲ್ಲಿ ವರದಿಯಾಯಿತು.

ಹಾಗೆಂದು ಹೆಣ್ಣಿನ ಆರೋಗ್ಯವೆಂದರೆ ಬಸಿರು–ಬಾಣಂತನವಷ್ಟೇ ಅಲ್ಲ. ಗಂಡಿಗೂ ಹೆಣ್ಣಿಗೂ ಬರುವ ಕಾಯಿಲೆಗಳಲ್ಲೇ ಅವಳ ಲೆಕ್ಕ ಇನ್ನೂ ಹಿಂದೆ ಬಿದ್ದಿದೆ. ನಿದ್ದೆಮಾತ್ರೆ ಜೋಲ್‌ಪಿಡೆಮ್ ಅಮೆರಿಕದ ಅಂಗಡಿಗೆ ಬಂದು ಇಪ್ಪತ್ತು ವರ್ಷವಾದ ಮೇಲೆ, 2013ರಲ್ಲಿ, ಹೆಂಗಸರ ಪ್ರಮಾಣವನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಬೇಕಾಯಿತು. ಅವರ ಮೈಯಿಂದ ಆ ಮದ್ದು ನಿಧಾನವಾಗಿ ಇಳಿಯುತ್ತದೆ. ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರಬಹುದು.