ಮುಕ್ತಾಯವಾದ ಸಾಲ, ಮುಗಿಯದ ದಾಖಲೆ: ಋಣ ಮಾಹಿತಿ ವರದಿಯ ದೋಷಗಳನ್ನು ಸರಿಪಡಿಸಿಕೊಳ್ಳುವ ಬಗೆ

ಸಾಲ ತೀರಿಸಿದ ದಿನ ವರ್ತಕನ ಮನಸ್ಸು ಹಗುರವಾಗುವುದು ಸಹಜ. ಹಿಂದಿನ ತಲೆಮಾರಿನಲ್ಲಿ ಬರೆದುಕೊಟ್ಟ ಪ್ರಾಮಿಸರಿ ನೋಟನ್ನು ಹಿಂದಕ್ಕೆ ಪಡೆದರೆ, ಇಲ್ಲವೇ ಖಾತೆ ಪುಸ್ತಕದ ಪುಟದಲ್ಲಿ ‘ಚುಕ್ತಾ’ ಎಂದು ಬರೆಸಿಕೊಂಡರೆ ವ್ಯವಹಾರ ಅಲ್ಲಿಗೆ ಮುಗಿಯುತ್ತಿತ್ತು. ಈಗಿನ ವ್ಯವಸ್ಥೆ ಹಾಗಿಲ್ಲ. ಬ್ಯಾಂಕಿನಲ್ಲಿ ಖಾತೆ ಮುಕ್ತಾಯವಾದರೂ ಅದರ ಚರಿತ್ರೆಯನ್ನು ಋಣ ಮಾಹಿತಿ ಸಂಸ್ಥೆಗಳು ಕನಿಷ್ಠ ಏಳು ವರ್ಷ ಕಾಯ್ದಿಡಬೇಕೆಂಬುದು ನಿಯಮ. ಆ ಚರಿತ್ರೆಯ ಕೊನೆಯ ಸಾಲಿನಲ್ಲಿ ಬ್ಯಾಂಕು ಯಾವ ಪದವನ್ನು ಬರೆದಿದೆ ಎಂಬುದರ ಮೇಲೆ ಮುಂದಿನ ಸಾಲದ ಮಂಜೂರಾತಿ ಬಹುಮಟ್ಟಿಗೆ ನಿಂತಿರುತ್ತದೆ. ನಮ್ಮ ವರ್ತಕ ಬಾಂಧವರಲ್ಲಿ ಹಲವರು ಈ ಪದವನ್ನು ಮೊದಲ ಬಾರಿಗೆ ನೋಡುವುದು ಹೊಸ ಸಾಲದ ಅರ್ಜಿ ತಿರಸ್ಕೃತವಾದಾಗ.

ಜನಬಳಕೆಯಲ್ಲಿ ಎಲ್ಲವೂ ‘ಸಿಬಿಲ್’ ಆಗಿದೆ. ವಾಸ್ತವವಾಗಿ ಇಂತಹ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿಆರ್‌ಐಎಫ್ ಹೈಮಾರ್ಕ್. 2005ರ ಋಣ ಮಾಹಿತಿ ಸಂಸ್ಥೆಗಳ ನಿಯಂತ್ರಣ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಮೇಲ್ವಿಚಾರಣೆಯಲ್ಲಿ ಇವು ಕಾರ್ಯನಿರ್ವಹಿಸುತ್ತವೆ. ಸಾಲ ನೀಡುವ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳೆಲ್ಲವೂ ಈ ನಾಲ್ಕಕ್ಕೂ ಸದಸ್ಯರಾಗಬೇಕೆಂದು 2015ರಲ್ಲಿ ಆದೇಶವಾಯಿತು. ಆದುದರಿಂದ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದಲ್ಲ, ನಾಲ್ಕು ವರದಿಗಳಿವೆ. ನಾಲ್ಕರಲ್ಲೂ ಒಂದೇ ವಿಷಯವಿರುತ್ತದೆ ಎಂದು ಭಾವಿಸಬೇಕಾಗಿಲ್ಲ.

ವ್ಯಕ್ತಿಗಳಿಗೆ ನೀಡುವ ಅಂಕ 300ರಿಂದ 900ರವರೆಗೆ ಇದ್ದು, ಹೆಚ್ಚಿದ್ದಷ್ಟೂ ಒಳ್ಳೆಯದು. ಉದ್ಯಮಗಳಿಗೆ ಸಿಬಿಲ್ ನೀಡುವ ಶ್ರೇಯಾಂಕ 1ರಿಂದ 10ರವರೆಗೆ. ಅಲ್ಲಿ 1 ಉತ್ತಮ, 10 ಕನಿಷ್ಠ. ‘ನನಗೆ ಎಂಟು ಬಂದಿದೆ’ ಎಂದು ಸಂತೋಷಪಟ್ಟವರನ್ನೂ ಕಂಡಿದ್ದೇನೆ.

ಮುಕ್ತಾಯ ಎಂದರೆ ಯಾವ ಮುಕ್ತಾಯ?

ವರದಿಯಲ್ಲಿ ಮುಗಿದ ಸಾಲಗಳೆಲ್ಲವೂ ಒಂದೇ ತೆರನಾಗಿ ಕಾಣಿಸುವುದಿಲ್ಲ. ಅಸಲು, ಬಡ್ಡಿ, ಶುಲ್ಕ ಎಲ್ಲವನ್ನೂ ಸಲ್ಲಿಸಿ ಮುಗಿಸಿದ ಖಾತೆಗೆ ‘ಕ್ಲೋಸ್ಡ್’ ಎಂಬ ನಮೂದು ಬರುತ್ತದೆ. ಬ್ಯಾಂಕು ಸ್ವಲ್ಪ ಮೊತ್ತವನ್ನು ಬಿಟ್ಟುಕೊಟ್ಟು ರಾಜಿಯಲ್ಲಿ ಮುಗಿಸಿದ್ದರೆ ‘ಸೆಟಲ್ಡ್’. ವಸೂಲಾಗದೆಂದು ಲೆಕ್ಕದಿಂದ ತೆಗೆದಿದ್ದರೆ ‘ರಿಟನ್ ಆಫ್’. ಹಾಗೆ ತೆಗೆದ ನಂತರ ರಾಜಿಯಾಗಿದ್ದರೆ ಅದಕ್ಕೂ ಬೇರೆ ನಮೂದಿದೆ. ಸಾಲಗಾರನ ದೃಷ್ಟಿಯಲ್ಲಿ ನಾಲ್ಕೂ ‘ಮುಗಿದ ಸಾಲ’. ಮುಂದಿನ ಸಾಲ ಕೊಡುವವನ ದೃಷ್ಟಿಯಲ್ಲಿ ಮೊದಲನೆಯದು ಒಳ್ಳೆಯ ಸಾಕ್ಷಿ, ಉಳಿದವು ಎಚ್ಚರಿಕೆಯ ಗಂಟೆ.

ಇಲ್ಲೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಮುಗಿದ ಸಾಲವು ವರದಿಯಿಂದ ಮಾಯವಾಗಬೇಕು, ಕಾಣಿಸುತ್ತಿದ್ದರೆ ಅದೊಂದು ದೋಷ ಎಂದು ಹಲವರು ತಕರಾರು ಹೂಡಲು ಹೊರಡುತ್ತಾರೆ. ಕಂತುಗಳನ್ನು ಕಾಲಕಾಲಕ್ಕೆ ಕಟ್ಟಿ ಮುಗಿಸಿದ ಯಂತ್ರೋಪಕರಣದ ಸಾಲವು ವರದಿಯಲ್ಲಿ ಉಳಿದಿದ್ದರೆ ಅದು ನಿಮ್ಮ ಪರವಾಗಿಯೇ ಇರುತ್ತದೆ. ಅದನ್ನು ತೆಗೆಸಲು ಹೋಗುವುದು ಒಳ್ಳೆಯ ಸಾಕ್ಷಿಯನ್ನು ನಾವೇ ಹೊರಗೆ ಕಳುಹಿಸಿದಂತೆ. ಅದೇ ರೀತಿ, ಸಾಲದ ಖಾತೆಯನ್ನು ಮುಚ್ಚಿದೊಡನೆ ಅಂಕ ಏರುತ್ತದೆ ಎಂಬುದೂ ನಿಶ್ಚಿತವಲ್ಲ. ಅಂಕದ ಲೆಕ್ಕದಲ್ಲಿ ಮರುಪಾವತಿಯ ಇತಿಹಾಸದೊಂದಿಗೆ, ಮಂಜೂರಾದ ಮಿತಿಯಲ್ಲಿ ಎಷ್ಟು ಭಾಗ ಬಳಕೆಯಾಗಿದೆ, ಖಾತೆಗಳು ಎಷ್ಟು ಹಳೆಯವು, ಇತ್ತೀಚೆಗೆ ಎಷ್ಟು ಕಡೆ ಸಾಲ ಕೇಳಲಾಗಿದೆ ಎಂಬ ಅಂಶಗಳೂ ಸೇರುತ್ತವೆ. ಒಬ್ಬ ವರ್ತಕನಲ್ಲಿ 3 ಲಕ್ಷ ಮತ್ತು 1 ಲಕ್ಷ ರೂಪಾಯಿ ಮಿತಿಯ ಎರಡು ಕ್ರೆಡಿಟ್ ಕಾರ್ಡುಗಳಿದ್ದು, ಒಟ್ಟು 80 ಸಾವಿರ ಬಾಕಿಯಿದೆ ಎಂದಿಟ್ಟುಕೊಳ್ಳೋಣ. ಬಳಕೆ ಶೇಕಡ 20. ಬಾಕಿಯೆಲ್ಲ ಎರಡನೆಯ ಕಾರ್ಡಿನಲ್ಲಿದೆ, ಮೊದಲನೆಯದು ಬೇಡವೆಂದು ಅದನ್ನು ರದ್ದುಪಡಿಸಿದರೆ ಅದೇ 80 ಸಾವಿರ ಶೇಕಡ 80 ಆಗುತ್ತದೆ. ಒಂದು ರೂಪಾಯಿಯ ಹೊಸ ಸಾಲವನ್ನೂ ಮಾಡದೆ ಅಂಕ ಕುಸಿಯುವುದು ಹೀಗೆ. ಕಾರ್ಡನ್ನು ಮುಚ್ಚಲೇಬಾರದೆಂದು ನಾನು ಹೇಳುತ್ತಿಲ್ಲ. ದೊಡ್ಡ ಸಾಲದ ಅರ್ಜಿಗೆ ಮುಂಚಿನ ತಿಂಗಳುಗಳಲ್ಲಿ ಮುಚ್ಚುವುದು ಬೇಡ.

ಒಂದು ಬಾರಿಯ ತೀರುವಳಿ, ಅಂದರೆ ಓಟಿಎಸ್ ವಿಷಯದಲ್ಲಿ ಹೆಚ್ಚು ಯೋಚನೆ ಅಗತ್ಯ. 8 ಲಕ್ಷ ಬಾಕಿಗೆ ಬ್ಯಾಂಕು 5 ಲಕ್ಷ ಒಪ್ಪಿಕೊಂಡಿತೆಂದರೆ 3 ಲಕ್ಷ ಉಳಿಯಿತೆಂದು ಸಮಾಧಾನಪಡುವುದು ಸಹಜ. ಆದರೆ ವರದಿಯಲ್ಲಿ ‘ಸೆಟಲ್ಡ್’ ಎಂಬ ನಮೂದು ನಿಲ್ಲುತ್ತದೆ. 2023ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಚೌಕಟ್ಟಿನ ಪ್ರಕಾರ, ಕೃಷಿಯೇತರ ಸಾಲದಲ್ಲಿ ಹೀಗೆ ರಾಜಿ ಮಾಡಿಕೊಂಡವರಿಗೆ ಆ ಸಂಸ್ಥೆ ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ. ನಿಂತೇಹೋದ ಘಟಕಕ್ಕೆ ಓಟಿಎಸ್ ವರದಾನವೇ ಸರಿ. ನಡೆಯುತ್ತಿರುವ, ಮುಂದೆಯೂ ಬ್ಯಾಂಕಿನ ನೆರವನ್ನೇ ನಂಬಿರುವ ಘಟಕವು ಆ 3 ಲಕ್ಷಕ್ಕೆ ತೆರುವ ಬೆಲೆಯನ್ನು ಕಾಗದದ ಮೇಲೆ ಲೆಕ್ಕ ಹಾಕಿ ಮುಂದುವರಿಯುವುದು ಲೇಸು. ಆ ನಮೂದು ಸತ್ಯವಾಗಿರುವುದರಿಂದ ತಕರಾರಿನ ಮೂಲಕ ಅದನ್ನು ತೆಗೆಸಲು ಬರುವುದಿಲ್ಲ. ಬಿಟ್ಟುಕೊಟ್ಟ ಮೊತ್ತವನ್ನು ಮುಂದೆ ಸಲ್ಲಿಸಿ, ಬೇಬಾಕಿ ಪತ್ರ ಪಡೆದು, ‘ಕ್ಲೋಸ್ಡ್’ ಎಂದು ತಿದ್ದುವಂತೆ ಬ್ಯಾಂಕನ್ನು ಕೋರುವುದೊಂದೇ ದಾರಿ.

ಚಿಲ್ಲರೆ ಬಾಕಿಯ ಉಪದ್ರವ

ಬಹುಪಾಲು ನಿಜವಾದ ದೋಷಗಳು ಹುಟ್ಟುವುದು ಖಾತೆಯನ್ನು ಒಂದು ಬ್ಯಾಂಕಿನಿಂದ ಮತ್ತೊಂದಕ್ಕೆ ವರ್ಗಾಯಿಸುವ ಸಂದರ್ಭದಲ್ಲಿ. ನಮ್ಮ ಕಚೇರಿಗೆ ಬಂದ ಒಂದು ಪ್ರಕರಣವನ್ನು ಹೇಳಿದರೆ ಇದು ಸ್ಪಷ್ಟವಾದೀತು.

ಜವಳಿ ಸಗಟು ವ್ಯಾಪಾರದ ಒಂದು ಪಾಲುದಾರಿಕೆ ಸಂಸ್ಥೆಯು 35 ಲಕ್ಷ ರೂಪಾಯಿಯ ಕ್ಯಾಶ್ ಕ್ರೆಡಿಟ್ ಸೌಲಭ್ಯವನ್ನು 2022ರ ಮಾರ್ಚ್‌ನಲ್ಲಿ ಬೇರೊಂದು ಬ್ಯಾಂಕಿಗೆ ವರ್ಗಾಯಿಸಿಕೊಂಡಿತು. ಹಳೆಯ ಬ್ಯಾಂಕು ಲಿಖಿತವಾಗಿ ತಿಳಿಸಿದ ಪೂರ್ಣ ಮೊತ್ತವನ್ನು ಹೊಸ ಬ್ಯಾಂಕು ನೇರವಾಗಿ ಪಾವತಿಸಿತು, ಆಧಾರಪತ್ರಗಳೂ ಹಸ್ತಾಂತರವಾದವು. ತಿಂಗಳ ಕೊನೆಯಲ್ಲಿ ಹಳೆಯ ಬ್ಯಾಂಕಿನ ಗಣಕಯಂತ್ರವು ಕೆಲವು ದಿನಗಳ ಬಡ್ಡಿ ಮತ್ತು ತಪಾಸಣಾ ಶುಲ್ಕವೆಂದು 1,180 ರೂಪಾಯಿಯನ್ನು ಆ ಖಾತೆಗೆ ಖರ್ಚು ಹಾಕಿತು. ಖಾತೆ ಮುಚ್ಚಲ್ಪಟ್ಟಿರಲಿಲ್ಲ. ಅದರಲ್ಲಿ ಮುಂದೆ ಯಾವ ಜಮೆಯೂ ಆಗಲಿಲ್ಲವಾದ್ದರಿಂದ 90 ದಿನ ಕಳೆದೊಡನೆ ನಿಯಮದಂತೆ ಅದು ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ ಎಂದು ವರ್ಗೀಕರಣವಾಯಿತು. ವಿಳಾಸ ಬದಲಾಗಿದ್ದ ಕಾರಣ ಪತ್ರವೂ ತಲುಪಲಿಲ್ಲ.

2024ರಲ್ಲಿ ದೀಪಾವಳಿಯ ಖರೀದಿಗಾಗಿ ಮಿತಿಯನ್ನು 60 ಲಕ್ಷಕ್ಕೆ ಏರಿಸಬೇಕೆಂದು ಅರ್ಜಿ ಸಲ್ಲಿಸಿದಾಗ ವಿಷಯ ಬಯಲಾಯಿತು. ಸಂಸ್ಥೆಯ ವಾಣಿಜ್ಯ ವರದಿಯಲ್ಲಿ ಎನ್‌ಪಿಎ. ಪಾಲುದಾರರು ಜಾಮೀನುದಾರರೂ ಆಗಿದ್ದರಿಂದ ಅವರ ವೈಯಕ್ತಿಕ ವರದಿಗಳಲ್ಲೂ ಅದೇ ಕಲೆ. ಒಬ್ಬ ಪಾಲುದಾರರ ಮಗನ ವಿದ್ಯಾಭ್ಯಾಸದ ಸಾಲವೂ ಅಷ್ಟರಲ್ಲಿ ತಡೆಹಿಡಿಯಲ್ಪಟ್ಟಿತ್ತು. ಸುದೈವದಿಂದ ಅವರು ಎರಡು ಕಾಗದಗಳನ್ನು ಜೋಪಾನವಾಗಿಟ್ಟಿದ್ದರು: ಪೂರ್ಣ ಬಾಕಿ ಇಷ್ಟೇ ಎಂದು ಬ್ಯಾಂಕು ಕೊಟ್ಟ ಪತ್ರ, ಮತ್ತು ಖಾತೆಯನ್ನು ಮುಕ್ತಾಯಗೊಳಿಸುವಂತೆ ತಾವು ಸಲ್ಲಿಸಿದ ಪತ್ರದ ಮೊಹರು ಬಿದ್ದ ನಕಲು. ಈ ಎರಡರ ಮುಂದೆ ಬ್ಯಾಂಕಿನ ವಾದ ನಿಲ್ಲಲಿಲ್ಲ. ತಪ್ಪು ಖರ್ಚನ್ನು ಹಿಂತೆಗೆದು, ವರದಿಯನ್ನು 47ನೆಯ ದಿನ ಸರಿಪಡಿಸಲಾಯಿತು. 30 ದಿನ ಮೀರಿದ 17 ದಿನಗಳಿಗೆ ದಿನಕ್ಕೆ 100 ರೂಪಾಯಿಯಂತೆ 1,700 ರೂಪಾಯಿ ಪರಿಹಾರವೂ ಬಂದಿತು. ಏರಿಕೆಯಾದ ಮಿತಿ ಕೈಗೆ ಬರುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಮಾರಾಟವಾಗಬೇಕಿದ್ದ ಸರಕಿನ ಲಾಭವನ್ನು 1,700 ರೂಪಾಯಿ ತುಂಬಿಕೊಡದು. ಆದುದರಿಂದ ಖಾತೆ ವರ್ಗಾಯಿಸುವವರು ಎರಡು ತಿಂಗಳ ನಂತರ ಹಳೆಯ ಖಾತೆಯ ಲೆಕ್ಕಪಟ್ಟಿಯನ್ನು ಮತ್ತೊಮ್ಮೆ ಪಡೆದು, ಶಿಲ್ಕು ಸೊನ್ನೆಯೆಂದು ಖಚಿತಪಡಿಸಿಕೊಂಡು, ಬೇಬಾಕಿ ಪತ್ರದಲ್ಲಿ ಖಾತೆ ಸಂಖ್ಯೆ ಮತ್ತು ಮುಕ್ತಾಯದ ದಿನಾಂಕ ನಮೂದಾಗುವಂತೆ ನೋಡಿಕೊಳ್ಳಬೇಕು.

ನಮ್ಮ ರಾಜ್ಯದವರಿಗೆ ಇನ್ನೊಂದು ತೊಡಕಿದೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನೊಂದಿಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ, ಸಿಂಡಿಕೇಟ್ ಬ್ಯಾಂಕ್ ಮತ್ತು ಕಾರ್ಪೊರೇಷನ್ ಬ್ಯಾಂಕ್‌ಗಳು 2020ರಲ್ಲಿ ಕ್ರಮವಾಗಿ ಕೆನರಾ ಮತ್ತು ಯೂನಿಯನ್ ಬ್ಯಾಂಕುಗಳೊಂದಿಗೆ ವಿಲೀನವಾದವು. ವಿಲೀನದ ವೇಳೆ ಖಾತೆ ಸಂಖ್ಯೆ ಬದಲಾಗಿದ್ದರೆ ಒಂದೇ ಸಾಲವು ಹಳೆಯ ಮತ್ತು ಹೊಸ ಸಂಖ್ಯೆಗಳಲ್ಲಿ ಎರಡು ಸಾಲವಾಗಿ ಕಾಣಿಸಿಕೊಳ್ಳುವ ಸಂಭವವಿದೆ. ಹಳೆಯ ಪಾಸ್ ಪುಸ್ತಕ ಮತ್ತು ಮಂಜೂರಾತಿ ಪತ್ರಗಳನ್ನು ರದ್ದಿಗೆ ಹಾಕದಿರುವುದು ಜಾಣತನ. ಹೆಸರಿನ ಹಿಂದಿನ ಮೊದಲಕ್ಷರಗಳದ್ದೂ ಇದೇ ಪಾಡು: ಒಂದು ಬ್ಯಾಂಕಿನಲ್ಲಿ ಊರು ಮತ್ತು ತಂದೆಯ ಹೆಸರು ವಿಸ್ತಾರವಾಗಿದ್ದು, ಇನ್ನೊಂದರಲ್ಲಿ ಎರಡೇ ಅಕ್ಷರಗಳಿದ್ದರೆ ಬೇರೊಬ್ಬರ ಸಾಲ ನಮ್ಮ ವರದಿಯನ್ನು ಸೇರಲು ಅವಕಾಶವಾಗುತ್ತದೆ. ಎಲ್ಲೆಡೆ ಪ್ಯಾನ್ ಕಾರ್ಡಿನಲ್ಲಿರುವಂತೆಯೇ ಹೆಸರಿರಲಿ.

ತಕರಾರು ಸಲ್ಲಿಸುವ ಕ್ರಮ

ಮೊದಲು ವರದಿಯನ್ನು ತರಿಸಿಕೊಳ್ಳಬೇಕು. 2017ರಿಂದ ಪ್ರತಿಯೊಂದು ಋಣ ಮಾಹಿತಿ ಸಂಸ್ಥೆಯೂ ವ್ಯಕ್ತಿಗಳಿಗೆ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕಾಗಿದೆ. ಸಂಸ್ಥೆಯ ಹೆಸರಿನ ವಾಣಿಜ್ಯ ವರದಿಗೆ ಶುಲ್ಕ ತೆರಬೇಕಾಗಬಹುದು. ಆ ಖರ್ಚಿಗೆ ಹಿಂಜರಿಯಬಾರದು. ಸ್ವಂತ ವರದಿಯನ್ನು ನೋಡಿಕೊಂಡರೆ ಅಂಕ ಇಳಿಯುತ್ತದೆಂಬ ಭಯ ನಿರಾಧಾರ. ಒಂದೇ ತಿಂಗಳಲ್ಲಿ ಐದಾರು ಕಡೆ ಸಾಲಕ್ಕೆ ಅರ್ಜಿ ಹಾಕಿದರೆ ಮಾತ್ರ ಅದರ ಪರಿಣಾಮ ಕಾಣಿಸುತ್ತದೆ.

ದೋಷ ಕಂಡುಬಂದರೆ ಒಂದು ಸಂಗತಿಯನ್ನು ಮನದಟ್ಟು ಮಾಡಿಕೊಳ್ಳಬೇಕು. ಋಣ ಮಾಹಿತಿ ಸಂಸ್ಥೆಯು ತಾನೇ ಏನನ್ನೂ ತಿದ್ದಲಾರದು. ಸಂಬಂಧಪಟ್ಟ ಬ್ಯಾಂಕು ‘ತಿದ್ದುಪಡಿ ಸರಿ’ ಎಂದು ದೃಢೀಕರಿಸಿದ ಮೇಲಷ್ಟೇ ದಾಖಲೆ ಬದಲಾಗುತ್ತದೆ. ಹಾಗಾಗಿ ತಕರಾರನ್ನು ಸಂಸ್ಥೆಯ ಜಾಲತಾಣದಲ್ಲಿ ದಾಖಲಿಸುವುದರೊಂದಿಗೆ, ಅದೇ ದಿನ ಬ್ಯಾಂಕಿಗೂ ದಾಖಲೆ ಸಹಿತ ಪತ್ರ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ‘ನನ್ನ ಅಂಕ ಕಡಿಮೆಯಾಗಿದೆ, ಸರಿಪಡಿಸಿ’ ಎಂಬ ಅರ್ಜಿ ಕಸದ ಬುಟ್ಟಿಗೆ ಸಮಾನ. ಯಾವ ಖಾತೆ, ಯಾವ ಅಂಕಣ, ಅಲ್ಲಿ ಏನಿದೆ, ಏನಿರಬೇಕು, ಅದಕ್ಕೆ ಆಧಾರವೇನು ಎಂದು ನಿರ್ದಿಷ್ಟವಾಗಿ ಬರೆಯಬೇಕು. ಅಂಕವನ್ನು ಲೆಕ್ಕ ಹಾಕುವ ಸೂತ್ರದ ಬಗೆಗಿನ ತಕರಾರಿಗೆ ಮುಂದೆ ಹೇಳುವ ಪರಿಹಾರವೂ ಅನ್ವಯಿಸುವುದಿಲ್ಲ.

ಕಾಲಮಿತಿ 30 ದಿನ. 2023ರ ಅಕ್ಟೋಬರ್ 26ರ ಸುತ್ತೋಲೆಯ ಮೂಲಕ ರಿಸರ್ವ್ ಬ್ಯಾಂಕು ಈ ಅವಧಿ ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಅದು 2024ರ ಏಪ್ರಿಲ್ ಕೊನೆಯಿಂದ ಜಾರಿಗೆ ಬಂದಿತು. ಬ್ಯಾಂಕು 21 ದಿನಗಳೊಳಗೆ ಸರಿಯಾದ ಮಾಹಿತಿಯನ್ನು ಕಳುಹಿಸದಿದ್ದರೆ ಪರಿಹಾರದ ಹೊಣೆ ಬ್ಯಾಂಕಿನದು. ಅದು ಕಳುಹಿಸಿಯೂ 30 ದಿನಗಳೊಳಗೆ ತಿದ್ದದಿದ್ದರೆ ಮಾಹಿತಿ ಸಂಸ್ಥೆಯದು. ಕೋರಿಕೆಯನ್ನು ನಿರಾಕರಿಸುವುದಾದರೆ ಬ್ಯಾಂಕು ಕಾರಣ ತಿಳಿಸಬೇಕು. ಉತ್ತರ ಬಾರದಿದ್ದರೆ ಅಥವಾ ಅಸಮರ್ಪಕವಾಗಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ದೂರು ಸಲ್ಲಿಸಬಹುದು. ಋಣ ಮಾಹಿತಿ ಸಂಸ್ಥೆಗಳನ್ನೂ 2022ರ ಸೆಪ್ಟೆಂಬರ್‌ನಿಂದ ಆ ವ್ಯಾಪ್ತಿಗೆ ತರಲಾಗಿದೆ. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ‘ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇವೆ’ ಎಂದು ಸಾವಿರಾರು ರೂಪಾಯಿ ಕೇಳುವ ಮಧ್ಯವರ್ತಿಗಳು ಮಾಡುವುದು ಈ ಅರ್ಜಿಯನ್ನೇ. ಸತ್ಯವಾದ ನಮೂದನ್ನು ಅಳಿಸುವ ಶಕ್ತಿ ಅವರಿಗೂ ಇಲ್ಲ.

ಒಂದು ಸಂಸ್ಥೆಯಲ್ಲಿ ತಿದ್ದುಪಡಿಯಾದ ಮೇಲೆ ಉಳಿದ ಮೂರರ ವರದಿಗಳನ್ನೂ ನೋಡಬೇಕು. 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆ ಮಾಹಿತಿ ಕಳುಹಿಸಬೇಕಾಗಿರುವುದರಿಂದ ಹಿಂದಿನಂತೆ ಬಹುಕಾಲ ಕಾಯಬೇಕಾಗಿಲ್ಲ.

ದೋಷವಲ್ಲದ ದೋಷ

ಕೆಲವು ನಮೂದುಗಳು ಅಹಿತಕರವಾದರೂ ಸರಿಯಾಗಿಯೇ ಇರುತ್ತವೆ. ಕ್ಯಾಶ್ ಕ್ರೆಡಿಟ್ ಖಾತೆದಾರರು ದಾಸ್ತಾನು ಪಟ್ಟಿ ಸಲ್ಲಿಸಲು ಉದಾಸೀನ ತೋರುವುದು ಎಲ್ಲರಿಗೂ ತಿಳಿದ ವಿಷಯ. ಪಟ್ಟಿ ಮೂರು ತಿಂಗಳಿಗಿಂತ ಹಳೆಯದಾಗಿದ್ದರೆ ಅದರ ಆಧಾರದ ಮೇಲಿನ ಬಾಕಿಯನ್ನು ಅಕ್ರಮವೆಂದು ಪರಿಗಣಿಸಲಾಗುತ್ತದೆ. ಅದೇ ಸ್ಥಿತಿ ಸತತ 90 ದಿನ ಮುಂದುವರಿದರೆ, ಬಡ್ಡಿಯನ್ನು ತಪ್ಪದೆ ಕಟ್ಟಿದ್ದರೂ, ಖಾತೆ ಎನ್‌ಪಿಎ ಆಗುತ್ತದೆ. ಇದಕ್ಕೆ ತಕರಾರಿನ ಅರ್ಜಿ ಔಷಧವಲ್ಲ. ಪ್ರತಿ ತಿಂಗಳೂ ಪಟ್ಟಿ ಕೊಟ್ಟು ಸ್ವೀಕೃತಿ ಪಡೆಯುವುದೇ ಔಷಧ.

ಕೊನೆಯದಾಗಿ ನಿವೃತ್ತ ಪಾಲುದಾರರ ವಿಷಯ. ಪಾಲುದಾರಿಕೆಯಿಂದ ಹೊರಬಂದು, ನಿವೃತ್ತಿ ಪತ್ರ ಬರೆಸಿ, ಸಂಸ್ಥೆಗಳ ನೋಂದಣಾಧಿಕಾರಿಗೂ ತಿಳಿಸಿದ ಮೇಲೆ ತಮಗೂ ಆ ಸಾಲಕ್ಕೂ ಸಂಬಂಧವಿಲ್ಲವೆಂದು ಅವರು ಭಾವಿಸುತ್ತಾರೆ. 1932ರ ಪಾಲುದಾರಿಕೆ ಕಾಯ್ದೆಯ 32ನೆಯ ಕಲಮಿನ ಪ್ರಕಾರ, ನಿವೃತ್ತಿಗೆ ಮುಂಚಿನ ಸಾಲದ ಹೊಣೆಯಿಂದ ಅವರು ಮುಕ್ತರಾಗಲು ಸಾಲ ಕೊಟ್ಟವನ ಮತ್ತು ಮುಂದುವರಿಯುವ ಪಾಲುದಾರರ ಒಪ್ಪಂದ ಬೇಕು. ಬ್ಯಾಂಕು ಲಿಖಿತ ಬಿಡುಗಡೆ ಪತ್ರ ಕೊಡುವವರೆಗೆ, ತಾವು ಕಾಲಿಡದ ಅಂಗಡಿಯ ಸಾಲದ ಜಾಮೀನು ಅವರ ವರದಿಯಲ್ಲಿ ಇದ್ದೇ ಇರುತ್ತದೆ. ನಿವೃತ್ತಿ ಪತ್ರಕ್ಕೆ ಸಹಿ ಬೀಳುವ ಮುನ್ನವೇ ಆ ಪತ್ರವನ್ನು ಕೇಳಿ ಪಡೆಯತಕ್ಕದ್ದು.