ರೊಟ್ಟಿ ಇಳಿಯದ ಗಂಟಲು

ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಹುಬ್ಬಳ್ಳಿಯಿಂದಲೋ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಿಂದಲೋ ಕೊಪ್ಪಳ ಸೀಮೆಯ ಮನೆಗೆ ಮರಳಿದವರಿಗೆ ಮುಂದಿನ ಕಷ್ಟ ಶುರುವಾಗುವುದು ಊಟದ ತಟ್ಟೆಯ ಎದುರು. ಗಡ್ಡೆ ಕರಗಿದೆ, ರಿಪೋರ್ಟ್ ಚೆನ್ನಾಗಿದೆ. ತುತ್ತು ಮಾತ್ರ ಇಳಿಯವಲ್ದು.

ನುಂಗುವ ಕೆಲಸಕ್ಕೆ ಸುಮಾರು 30 ಸ್ನಾಯುಗಳು, ಮೆದುಳಿನಿಂದ ಹೊರಡುವ 5 ಜೋಡಿ ನರಗಳು ಬೇಕು. ಗಂಟಲ ಗಂಟಿನ ಮೇಲೆ ಬೆರಳಿಟ್ಟು ಉಗುಳು ನುಂಗಿ ನೋಡಿ, ಅದು ಮೇಲೇರಿ ಇಳಿಯುತ್ತದೆ. ಆ ಒಂದು ಸೆಕೆಂಡಿನೊಳಗೆ ಉಸಿರು ನಿಂತು, ಶ್ವಾಸನಾಳದ ಬಾಗಿಲು ಮುಚ್ಚಿ, ಅನ್ನನಾಳದ ಬಾಯಿ ತೆರೆದಿರುತ್ತದೆ. ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುವ ವಿಕಿರಣ ಈ ಹೊಂದಾಣಿಕೆಯನ್ನು ಕೆಡಿಸುತ್ತದೆ. ಮೊದಲು ಬಾಯಿಹುಣ್ಣು, ಆಮೇಲೆ ಜೊಲ್ಲು ಬತ್ತುವುದು, ತಿಂಗಳುಗಳು ಕಳೆದಂತೆ ಸ್ನಾಯುಗಳು ನಾರುಗಟ್ಟಿ ಬಿರುಸಾಗುವುದು. ಗುಟ್ಕಾ, ಅಡಿಕೆ ಅಗಿದವರಲ್ಲಿ ಎಷ್ಟೋ ಮಂದಿಯ ಬಾಯಿ ಕ್ಯಾನ್ಸರಿಗೆ ಮುಂಚೆಯೇ ಬಿಗಿದಿರುತ್ತದೆ. ಗುಟ್ಕಾವನ್ನು ರಾಜ್ಯ 2013ರಲ್ಲೇ ನಿಷೇಧಿಸಿದೆ, ಚಟ ನಿಂತಿಲ್ಲ.

ಯಲಬುರ್ಗಾ, ಕುಷ್ಟಗಿಯ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಒಣ ಬಾಯಲ್ಲಿ ಪುಡಿಯಾಗಿ ಅಂಗುಳಕ್ಕೆ ಮೆತ್ತಿಕೊಳ್ಳುತ್ತದೆ. ಗಂಗಾವತಿಯ ಉದುರುದುರು ಅನ್ನದ ಅಗುಳು ಗಂಟಲಲ್ಲಿ ಚೆದುರುತ್ತದೆ. ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿದರೆ ಸಲೀಸು ಎಂದು ಮನೆಯವರು ತಿಳಿಯುತ್ತಾರೆ. ಆದರೆ ಚೂರನ್ನು ಅಗಿಯುತ್ತಿರುವಾಗಲೇ ಹಾಲು ಮುಂದೆ ಜಾರಿ ಶ್ವಾಸನಾಳ ಸೇರಬಹುದು. ನೀರಿನ ಅಪಾಯವೂ ಇದೇ: ಗಂಟಲು ಬಾಗಿಲು ಹಾಕುವ ಮೊದಲೇ ಅದು ಹರಿದುಬಿಟ್ಟಿರುತ್ತದೆ. ನೆತ್ತಿಗೆ ಹತ್ತಿ ಕೆಮ್ಮು ಬಂದರೆ ಯಾರೋ ನೆನೆಸಿಕೊಂಡರು ಎಂದು ತಲೆ ತಟ್ಟುತ್ತೇವೆ. ವಿಕಿರಣದಿಂದ ಗಂಟಲಿನ ಸ್ಪರ್ಶ ಮಂದವಾದವರಿಗೆ ಆ ಕೆಮ್ಮೂ ಬರುವುದಿಲ್ಲ. ಊಟದ ನಂತರ ದನಿಯಲ್ಲಿ ಗೊರಗೊರ, ಮತ್ತೆಮತ್ತೆ ಜ್ವರ, ಇಳಿಯುವ ತೂಕ ಕಂಡರೆ ಆಹಾರ ಶ್ವಾಸಕೋಶಕ್ಕೆ ಹೋಗುತ್ತಿದೆಯೇ ಎಂದು ಪರೀಕ್ಷಿಸಲೇಬೇಕು.

ಆಹಾರ ಕೊಡಲು ಮೂಗಿನ ನಳಿಕೆ ಹಾಕಿದ ಮೇಲೆ ಬಾಯಿಯಿಂದ ಏನೂ ಬೇಡ ಎಂದು ಮನೆಯವರೇ ತೀರ್ಮಾನಿಸುವುದುಂಟು. ಪ್ರೀತಿಯಿಂದಲೇ ಮಾಡುವ ಈ ಕೆಲಸ ರೋಗಿಗೆ ಮುಳುವಾಗುತ್ತದೆ. ನುಂಗದ ಸ್ನಾಯು ಬೇಗ ಸೊರಗುತ್ತದೆ. ಅಪಾಯವಿಲ್ಲ ಎಂದು ತಜ್ಞರು ಖಚಿತಪಡಿಸಿದ ಗುಟುಕನ್ನಾದರೂ ದಿನವೂ ನುಂಗಬೇಕು. ಜೋರಾಗಿ ಒತ್ತಿ ನುಂಗುವುದು, ಬಾಯಿ ಅಗಲಿಸುವುದು, ನಾಲಿಗೆ ಹಿಂದೆಳೆಯುವುದು ಮೊದಲಾದ ವ್ಯಾಯಾಮ ಕಲಿಸುವವರು ವಾಕ್‌ತಜ್ಞರು. ಮಾತಿನ ದೋಷಕ್ಕಷ್ಟೇ ಅವರ ಬಳಿ ಹೋಗಬೇಕೆಂದು ನಮ್ಮಲ್ಲಿ ಬಹುತೇಕರು ತಿಳಿದಿದ್ದಾರೆ. ನುಂಗುವ ತೊಂದರೆಗೂ ಚಿಕಿತ್ಸೆ ಕೊಡುವವರು ಅವರೇ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇರುವುದು ಇಂಥ ವಿದ್ಯೆಗಾಗಿಯೇ. ಮೊದಲ ಕರೆಂಟಿಗೆ ಮುನ್ನವೇ ರೋಗಿ ವಾಕ್‌ತಜ್ಞರನ್ನು ಕಾಣಬೇಕು. ನುಂಗುವ ಸ್ನಾಯುಗಳಿಗೆ ತಗಲುವ ವಿಕಿರಣವನ್ನು ಯೋಜಿಸಿ ತಗ್ಗಿಸಿದರೆ ಒಂದು ವರ್ಷದ ಬಳಿಕ ಊಟ ಸುಲಭವಾಗುತ್ತದೆಂದು ಬ್ರಿಟನ್, ಐರ್ಲೆಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ನಮಗೂ ಹೀಗೆ ತಗ್ಗಿಸಬಹುದೇ ಎಂದು ವೈದ್ಯರಲ್ಲಿ ಕೇಳಲು ಸಂಕೋಚ ಬೇಡ.

ನೀರಿನಂತೆ ಹರಿದುಬಿಡದಿರಲೆಂದು ಕೊಡುವ ಅಂಬಲಿ ಎಷ್ಟು ಗಟ್ಟಿಯಿರಬೇಕು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ತೀರಾ ಗಟ್ಟಿಯಾದದ್ದು ಬಲಗುಂದಿದ ಗಂಟಲಲ್ಲಿ ಉಳಿದೇಬಿಡಬಹುದು. ತಜ್ಞರು ಹೇಳಿದ ಹದವನ್ನು ಮನೆಯಲ್ಲಿ ಅಳೆಯಲು ಸೂಜಿಯಿಲ್ಲದ, ಒಳಗಿನ ಒತ್ತುಕೋಲು ತೆಗೆದ 10 ಮಿಲಿ ಸಿರಿಂಜು ಸಾಕು. ತುದಿಗೆ ಬೆರಳೊತ್ತಿ 10ರ ಗೆರೆಯವರೆಗೆ ಅಂಬಲಿ ತುಂಬಿ, ಬೆರಳು ತೆಗೆದು 10 ಸೆಕೆಂಡು ಬಿಡಿ. ಒಂದು ಮಿಲಿಗಿಂತ ಕಡಿಮೆ ಉಳಿದರೆ ಅದು ನೀರಿಗೆ ಸಮ. 4ರಿಂದ 8 ಮಿಲಿ ಉಳಿದರೆ ಸಾಧಾರಣ ಮಂದ, ಅದಕ್ಕೂ ಹೆಚ್ಚಾದರೆ ಇನ್ನೂ ಗಟ್ಟಿ.