ಜೋಡಿ ಕಟ್ಟದ ಕುಸ್ತಿ

ದಸರೆಯ ಕುಸ್ತಿಗೆ ಮುನ್ನ ಪೈಲ್ವಾನರ ಜೋಡಿ ಕಟ್ಟುವ ಪದ್ಧತಿಯನ್ನು ಮೈಸೂರು ಸೀಮೆಯವರಿಗೆ ವಿವರಿಸಬೇಕಾದುದಿಲ್ಲ. ಸರಿಜೋಡಿಯಲ್ಲದ ಕಾಳಗದಲ್ಲಿ ಗೆದ್ದವನಿಗೆ ಕೀರ್ತಿಯಿಲ್ಲ, ನೋಡಿದವರಿಗೆ ತೃಪ್ತಿಯಿಲ್ಲ. ಗಣಕಯಂತ್ರಗಳನ್ನು ಎದುರುಬದುರಾಗಿ ಆಡಿಸುವ ಪಂದ್ಯಗಳಲ್ಲಿಯೂ ಈಗ ಇದೇ ಪ್ರಶ್ನೆಯು ತಲೆದೋರಿದೆ.

ಚೀನ, ಜಪಾನು, ಕೊರಿಯಾಗಳಲ್ಲಿ ಪುರಾತನ ಕಾಲದಿಂದಲೂ ‘ಗೋ’ ಎಂಬ ಆಟವುಂಟು. ಅಡ್ಡಕ್ಕೆ ೧೯, ಉದ್ದಕ್ಕೆ ೧೯ ಗೆರೆಗಳು ಕೂಡುವ ೩೬೧ ಸಂಧಿಗಳಲ್ಲಿ ಕರಿಯ ಮತ್ತು ಬಿಳಿಯ ಕಾಯಿಗಳನ್ನಿಟ್ಟು, ಹೆಚ್ಚು ಸ್ಥಳವನ್ನು ಸುತ್ತುಗಟ್ಟಿದವನೇ ಗೆದ್ದವನು. ನಡೆಗಳ ಸಂಖ್ಯೆಯು ಅಪಾರವಾದುದರಿಂದ, ಲೆಕ್ಕವನ್ನು ಅನೇಕ ಯಂತ್ರಗಳಿಗೆ ಹಂಚಿ ಫಲವನ್ನು ಒಂದೆಡೆಗೆ ತರುವ ಉಪಾಯವು ಬಳಕೆಗೆ ಬಂದಿತು. ಪೂರಿಗಾಲಿ ಮೊದಲಾದ ಮಳವಳ್ಳಿ ತಾಲ್ಲೂಕಿನ ಊರುಗಳವರಿಗೆ ಇದನ್ನು ತಿಳಿಸುವುದು ಸುಲಭ. ೧೯೦೨ರಲ್ಲಿ ಅವರ ನೆರೆಯ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುಚ್ಛಕ್ತಿಯು ದೂರದ ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿಯತೊಡಗಿತು. ಪಂದ್ಯದ ಮೇಜಿನ ಮೇಲಣ ಯಂತ್ರದ ಹಿಂದೆಯೂ ಅಂತೆಯೇ ಕಣ್ಣಿಗೆ ಕಾಣದ ಬಲವಿರಬಹುದು.

೨೦೧೫ರ ಅಕ್ಟೋಬರಿನಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಗೋ ತಂತ್ರಾಂಶವು ಯೂರೋಪಿನ ಚಾಂಪಿಯನ್ನರಾದ ಫಾನ್ ಹುಯಿಯವರನ್ನು ೫–೦ ಆಟಗಳಿಂದ ಸೋಲಿಸಿತು. ಹಲವು ಯಂತ್ರಗಳಿಗೆ ಹಂಚಿದ ಅದರ ರೂಪವು ೧,೨೦೨ ಸಿಪಿಯುಗಳನ್ನೂ ೧೭೬ ಜಿಪಿಯುಗಳನ್ನೂ ಬಳಸುತ್ತಿದ್ದಿತು; ಒಂದೇ ಯಂತ್ರದ ರೂಪಕ್ಕೆ ಇದ್ದುವು ೪೮ ಮತ್ತು ೮ ಮಾತ್ರ. ಇವೆರಡನ್ನೂ ತಮ್ಮತಮ್ಮೊಳಗೆ ಆಡಿಸಿದಾಗ, ದೊಡ್ಡದು ನೂರಕ್ಕೆ ೭೭ ಆಟಗಳನ್ನು ಗೆದ್ದಿತು. ತಂತ್ರಾಂಶವು ಒಂದೇ, ಗೆಲವು ಬಲದ್ದು.

ಹಾಗಾದರೆ ಬುದ್ಧಿಗೆ ಬೆಲೆಯಿಲ್ಲವೆ? ಉಂಟು. ೨೦೧೬ರಲ್ಲಿ ಲೀ ಸೆಡೋಲರನ್ನು ಸೋಲಿಸಿದ ಆಲ್ಫಾಗೋವು ೪೮ ಟಿಪಿಯುಗಳನ್ನು ಅವಲಂಬಿಸಿದ್ದಿತು. ೨೦೧೭ರ ಆಲ್ಫಾಗೋ ಝೀರೋ ಒಂದೇ ಯಂತ್ರದ ೪ ಟಿಪಿಯುಗಳಿಂದ ಅದನ್ನು ೧೦೦–೦ ಆಟಗಳಿಂದ ಮಣಿಸಿತು. ಆದರೆ ಇಲ್ಲಿಯೂ ಮರೆಯಲ್ಲಿ ಐಶ್ವರ್ಯವಿದ್ದಿತು: ಕಣಕ್ಕಿಳಿಯುವ ಮೊದಲು ಝೀರೋ ೩ ದಿನಗಳಲ್ಲಿ ತನ್ನೊಡನೆ ತಾನೇ ೪೯ ಲಕ್ಷ ಆಟಗಳನ್ನಾಡಿ ಕಲಿತಿದ್ದಿತು. ಪಂದ್ಯದ ದಿನದ ಯಂತ್ರವನ್ನಷ್ಟೇ ಅಳೆಯುವ ನಿಯಮವು ಗರಡಿಯ ಸಾಧನೆಯನ್ನು ಕಾಣಲಾರದು.

ಹಂಚಿಕೆಯೇ ಅನ್ಯಾಯವೆನ್ನುವುದೂ ಸಲ್ಲದು. ೨೦೧೭ರಲ್ಲಿ ಆರಂಭವಾದ ಲೀಲಾ ಝೀರೋ ಎಂಬ ತಂತ್ರಾಂಶವನ್ನು ನಾನಾ ದೇಶಗಳ ಜನರು ತಮ್ಮ ಸ್ವಂತ ಗಣಕಯಂತ್ರಗಳನ್ನು ಎರವಲಿತ್ತು ಬೆಳೆಸಿದರು. ಬಡವರು ಕೂಡಿ ಬಲವಂತರಾಗುವ ಮಾರ್ಗವೂ ಇದೇ.

ಆದುದರಿಂದ ಬೇಕಾದುದು ನಿಷೇಧವಲ್ಲ, ವಿಂಗಡಣೆ ಮತ್ತು ಪ್ರಕಟಣೆ. ಇದಕ್ಕೆ ಮೇಲ್ಪಂಕ್ತಿಯಿಲ್ಲದಿಲ್ಲ. ಗಣಕ ಚದುರಂಗದ ವಿಶ್ವಪಂದ್ಯದಲ್ಲಿ ೨೦೦೮ರಲ್ಲಿ ಬೀಜಿಂಗಿನಲ್ಲಿ ರಿಬ್ಕಾ ತಂತ್ರಾಂಶವು ೪೦ ಕೋರುಗಳ ಬಲದಿಂದ ಗೆದ್ದಿತು. ಮರುವರ್ಷ ಪಾಂಪ್ಲೋನಾದಲ್ಲಿ ೮ ಕೋರುಗಳ ಮಿತಿಯು ವಿಧಿಸಲ್ಪಟ್ಟಿತು. ಗೋ ಪಂದ್ಯಗಳಲ್ಲಿ ಸಮಬಲದ ಯಂತ್ರಗಳಿಗೊಂದು ವರ್ಗವೂ ಮಿತಿಯಿಲ್ಲದವಕ್ಕೆ ಇನ್ನೊಂದು ವರ್ಗವೂ ಇರಲಿ. ಎರಡರಲ್ಲಿಯೂ ಆಟಕ್ಕೆ ಬಳಸಿದ ಬಲವನ್ನೂ ಕಲಿಕೆಗೆ ವ್ಯಯಿಸಿದ ಬಲವನ್ನೂ ಮುಂದಾಗಿಯೇ ಸಾರತಕ್ಕದ್ದು.

ಪೂರಿಗಾಲಿಯಂತಹ ಊರಿನ ತರುಣನು ಒಂದೇ ಯಂತ್ರದಿಂದ ಉತ್ತಮವಾದ ತಂತ್ರಾಂಶವನ್ನು ರಚಿಸಿದರೆ, ಅವನ ಯೋಗ್ಯತೆಯು ಪರರ ಹಣದ ಥೈಲಿಯ ಮರೆಯಲ್ಲಿ ಅಡಗಿಹೋಗಬಾರದು. ಸೋತರೂ ಯಾವುದಕ್ಕೆ ಸೋತೆನೆಂಬುದನ್ನು ತಿಳಿಯುವ ಹಕ್ಕು ಅವನಿಗುಂಟು.